ಎಣ್ಣೆ ಹಚ್ಚುವಾಗ ಹೇಳುವ ಕಥೆ

ಹೋದ ಆಷಾಢದ ಒಂದು ರಾತ್ರಿ ನನ್ನದೇ ಕಥೆಯನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಹೇಳುತ್ತಿದ್ದದ್ದು ನನ್ನ ಗಂಡ, ಕೇಳುತ್ತಿದ್ದದ್ದು ಏಳು ವರ್ಷದ ಮಗಳು. ಕೋಣೆಯ ದೀಪ ಆರಿತ್ತು. "ಅಮ್ಮ ಕೆಟ್ಟವಳಲ್ಲ ಪುಟ್ಟಿ. ಅವಳು ಚಿಕ್ಕವಳಿದ್ದಾಗ ಅಜ್ಜ ತುಂಬಾ ಹೊಡೀತಿದ್ರು. ಅದಕ್ಕೇ ಒಂದೊಂದ್ಸಲ ಹೀಗೆ ಸಿಟ್ಟು ಬಂದ್ಬಿಡುತ್ತೆ ಅವಳಿಗೆ. ನೀನು ಬೇಜಾರು ಮಾಡ್ಕೋಬಾರದು, ಆಯ್ತಾ?" ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಮಗಳು "ಪಾಪ ಅಮ್ಮ" ಅಂದಳು.

ಆ ಎರಡು ಶಬ್ದ ಕೇಳಿ ನನಗೆ ಸಮಾಧಾನ ಆಗಬೇಕಿತ್ತೋ ಏನೋ. ಎದೆ ಧಸಕ್ಕೆಂದಿತು. ಅದಕ್ಕೆ ಒಂದು ಗಂಟೆ ಮುಂಚೆ ಅಡುಗೆಮನೆಯ ಮೇಜಿನ ಮೇಲೆ ಕಳೆಯುವ ಲೆಕ್ಕ ನಡೆದಿತ್ತು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆ. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಹತ್ತು ಸಾಲ ತರಬೇಕು. ಮೂರನೇ ಸಲವೂ ಅವಳು ಏಳರಲ್ಲಿ ಎರಡು ಕಳೆದು ಐದು ಬರೆದಳು. ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಯಾವಾಗ ಎಸೆದೆನೋ ನನಗೇ ತಿಳಿಯದು. ಅದು ಕಟ್ಟೆಯ ಗ್ರಾನೈಟ್ ಅಂಚಿಗೆ ಬಡಿದು, ಬಾಯಿ ನೆಗ್ಗಿ, ಹಾಲು ಚೆಲ್ಲುತ್ತಾ ಫ್ರಿಜ್ಜಿನ ಅಡಿಗೆ ಉರುಳಿತು. ಲೋಟ ಅವಳಿಗೆ ತಾಗಲಿಲ್ಲ. ಆದರೆ ಅವಳ ತೋಳು ಹಿಡಿದು ಅಲ್ಲಾಡಿಸಿದ್ದು ನಾನೇ. ನನ್ನ ನಾಲ್ಕು ಬೆರಳು ಅಲ್ಲಿ ಕೆಂಪಗೆ ಮೂಡಿದ್ದವು. ಅವಳು ಅಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಬಲ ಹೆಗಲನ್ನು ಕಿವಿಯವರೆಗೆ ಏರಿಸಿ, ತಲೆಯನ್ನು ಒಂದು ಕಡೆಗೆ ವಾಲಿಸಿ ನಿಂತಳು. ಮುಂದಿನ ಏಟು ಕೆನ್ನೆಗೆ ಬೀಳುತ್ತದೆ ಅಂತ ಗೊತ್ತಿರುವವರು ಹಾಗೆ ನಿಲ್ಲುತ್ತಾರೆ. ಆ ನಿಲುವು ನನ್ನದು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಂಡ ಮಾಡಿದ್ದು ಪ್ರೀತಿಯಿಂದ, ಅದರಲ್ಲಿ ಅನುಮಾನವಿಲ್ಲ. ಮಗಳ ಮನಸ್ಸಿನಲ್ಲಿ ಅಮ್ಮನ ಮೇಲೆ ಹೆದರಿಕೆ ಕೂರಬಾರದು, ಅಮ್ಮನಿಗೂ ಮರ್ಯಾದೆ ಉಳಿಯಬೇಕು. ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ನನ್ನ ಅಪ್ಪಯ್ಯ ಹೊಡೆಯುತ್ತಿದ್ದದ್ದು ನಿಜ, ನನ್ನ ಸಿಟ್ಟಿಗೂ ಅದಕ್ಕೂ ನಂಟಿರುವುದೂ ನಿಜ. ಆದರೂ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ನಿಲ್ಲಿಸಿ, ಅವಳಿಗೆ ಆ ಕಥೆ ಕೊಡಬೇಡಿ ಅಂತ ಕೂಗಬೇಕು ಅನ್ನಿಸಿತು. ಯಾಕೆ ಹಾಗನ್ನಿಸಿತು ಎನ್ನುವುದನ್ನು ಇಷ್ಟು ತಿಂಗಳು ಮನಸ್ಸಿನಲ್ಲೇ ಮಗುಚಿ ಹಾಕುತ್ತಾ ಬಂದಿದ್ದೇನೆ.

ಕಥೆ ಸಾಕು

ಸಾಗರದ ಕಡೆಯ ನಮ್ಮೂರಲ್ಲಿ ಡಿಸೆಂಬರ್ ಅಂದರೆ ಅಡಿಕೆ ಕೊಯ್ಲಿನ ಕಾಲ. ಹಗಲು ಕೊನೆ ಇಳಿಸುವುದು, ರಾತ್ರಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವುದು, ಬೇಯಿಸುವುದು, ಮಾರನೇ ದಿನ ಅಂಗಳದ ಅಟ್ಟದ ಮೇಲೆ ಹರವುವುದು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಒಂದು ಮಧ್ಯಾಹ್ನ, ಮೋಡ ಕಟ್ಟಿದರೆ ಅಡಿಕೆ ಒಟ್ಟುಮಾಡಿ ತಾಡಪಾಲು ಮುಚ್ಚಿ ಅಂತ ನನಗೂ ಅಣ್ಣನಿಗೂ ಹೇಳಿ ಅಪ್ಪಯ್ಯ ಪೇಟೆಗೆ ಹೋಗಿದ್ದರು. ನಾವು ತೋಟದ ಹೊಳೆಯಲ್ಲಿ ಮೀನು ನೋಡುತ್ತಾ ಕೂತುಬಿಟ್ಟೆವು. ಅಕಾಲದ ಮಳೆ ಬಂತು. ಓಡಿ ಬರುವಷ್ಟರಲ್ಲಿ ಬೇಯಿಸಿದ ಅಡಿಕೆಯ ಕೆಂಪು ನೀರು ಅಟ್ಟದಿಂದ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು.

ಅಡಿಕೆ ನೆನೆದರೆ ಬೂಸಲು ಬರುತ್ತದೆ, ಬೂಸಲು ಬಂದರೆ ರೇಟು ಇಲ್ಲ, ರೇಟು ಇಲ್ಲದಿದ್ದರೆ ಸೊಸೈಟಿ ಸಾಲ ತೀರುವುದಿಲ್ಲ. ಇದೆಲ್ಲ ಈಗ ನನಗೆ ಅರ್ಥವಾಗುತ್ತದೆ. ಅವತ್ತು ಗೊತ್ತಿದ್ದದ್ದು ಬೈಕಿನ ಸದ್ದು, ಆಮೇಲೆ ಚಪ್ಪಲಿ ಕಳಚುವ ಸದ್ದು. ಒಂದೊಂದಾಗಿ ನಿಧಾನಕ್ಕೆ ಕಳಚಿದರೆ ಏನೂ ಇಲ್ಲ. ಎರಡೂ ಒಟ್ಟಿಗೆ ಗೋಡೆಗೆ ಬಡಿದರೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಹುಣಸೆ ಬರಲು (ಹೊಡೆಯುವ ಕೋಲು) ಕೆಳಗಿಳಿಯುತ್ತದೆ ಅಂತ ಅರ್ಥ. (ಏಟು ತಿಂದು ಬೆಳೆದ ಮಕ್ಕಳು ಮುಖದ ಮೇಲಿನ ಸಿಟ್ಟನ್ನು ಉಳಿದ ಮಕ್ಕಳಿಗಿಂತ ಬೇಗ, ಕಡಿಮೆ ಸುಳಿವಿನಲ್ಲೇ ಗುರುತಿಸುತ್ತಾರೆ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೆತ್ ಪೊಲಾಕ್ ತೋರಿಸಿದ್ದಾರೆ. ಅದನ್ನು ಓದಿದ ದಿನ ನನಗೆ ಆ ಚಪ್ಪಲಿಯ ಸದ್ದು ಕೇಳಿಸಿತು.) ಅಣ್ಣನಿಗೆ ಬಿದ್ದ ಏಟು ನಾನು ಎಣಿಸಲಿಲ್ಲ. ನನಗೆ ಬಿದ್ದದ್ದು ನಾಲ್ಕು.

ರಾತ್ರಿ ಅಮ್ಮ ಒಲೆಯ ಮುಂದೆ ಸೌಟಿನಲ್ಲಿ ಕೊಬ್ಬರಿ ಎಣ್ಣೆಗೆ ಅರಿಶಿನ ಹಾಕಿ ಬಿಸಿ ಮಾಡಿ ತಂದಳು. ನಮ್ಮಿಬ್ಬರನ್ನೂ ಬೋರಲು ಮಲಗಿಸಿ ಹಚ್ಚುತ್ತಾ ಪ್ರತಿ ಸಲ ಹೇಳುವ ಕಥೆ ಶುರುಮಾಡಿದಳು. ಅಪ್ಪಯ್ಯನಿಗೆ ಆರು ವರ್ಷವಾಗಿದ್ದಾಗ ಅವರ ತಾಯಿ ತೀರಿಹೋದದ್ದು. ಮೇಯಲು ಬಿಟ್ಟ ಕರು ಕಳೆದುಬಂದ ಅಂತ ಅಜ್ಜ ಅವರನ್ನು ರಾತ್ರಿಯಿಡೀ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕಿದ್ದು. ಬೆಳಿಗ್ಗೆ ಕರು ತಾನೇ ಬಂದು ಅವರ ಕಾಲು ನೆಕ್ಕಿದ್ದು. ಕರು ಕಾಲು ನೆಕ್ಕುವ ಜಾಗಕ್ಕೆ ಬಂದಾಗ ನನಗೆ ಅಳು ತಡೆಯುತ್ತಿರಲಿಲ್ಲ. ನನ್ನ ಬೆನ್ನು ಉರಿಯುತ್ತಿದ್ದರೂ ನಾನು ಅಳುತ್ತಿದ್ದದ್ದು ಕೊಟ್ಟಿಗೆಯ ಕತ್ತಲಲ್ಲಿ ನಿಂತ ಆ ಹುಡುಗನಿಗಾಗಿ. ಮಾರನೇ ದಿನ ಬೆಳಿಗ್ಗೆ ನಾನೇ ಅಪ್ಪಯ್ಯನಿಗೆ ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ. ಅವರ ಮನಸ್ಸು ನೋಯಿಸಿದ ತಪ್ಪು ನನ್ನದೇ ಎನ್ನುವ ಹಾಗೆ.

ಅಣ್ಣ ಹಾಗಲ್ಲ. ಅವನಿಗೆ ಹದಿಮೂರು. ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಅವತ್ತು ಮೊದಲ ಸಲ ಬಾಯಿಬಿಟ್ಟ. "ಕಥೆ ಸಾಕು, ಎಣ್ಣೆ ಹಚ್ಚು."

ಅಮ್ಮನ ಕೈ ನಿಂತಿತು. ಆಮೇಲೆ ಏನೂ ಮಾತಾಡದೆ ಹಚ್ಚಿದಳು. ನಾನು ಅಣ್ಣನನ್ನು ಕಲ್ಲೆದೆಯವನು ಅಂದುಕೊಂಡೆ. ಪಿಯುಸಿ ಮುಗಿದದ್ದೇ ಊರು ಬಿಟ್ಟವನು ಈಗಲೂ ವರ್ಷಕ್ಕೊಮ್ಮೆ ಚೌತಿಗೆ ಬಂದರೆ ಹೆಚ್ಚು. ಬಂದರೂ ಅಪ್ಪಯ್ಯನ ಹತ್ತಿರ ಮಳೆ, ರೇಟು, ಕೊಳೆ ರೋಗ ಇಷ್ಟರ ಆಚೆ ಮಾತಿಲ್ಲ. ಬಾಗಿಲ ಮರೆಯಲ್ಲಿ ನಿಂತ ರಾತ್ರಿ ನನಗೆ ನೆನಪಾದದ್ದು ಅವನ ಆ ನಾಲ್ಕು ಶಬ್ದ. ಹದಿಮೂರರ ಹುಡುಗನಿಗೆ ಗೊತ್ತಾದದ್ದು ನನಗೆ ಗೊತ್ತಾಗಲು ನಾನು ಮಗಳ ತೋಳು ಹಿಡಿದು ಅಲ್ಲಾಡಿಸಬೇಕಾಯಿತು. ಕಥೆ ನಿಜ. ಆದರೆ ಅದನ್ನು ಹೇಳುತ್ತಿದ್ದ ಹೊತ್ತು, ಹೇಳುತ್ತಿದ್ದ ಬಾಯಿ, ಕೇಳಬೇಕಾಗಿದ್ದ ಕಿವಿ ಮೂರೂ ತಪ್ಪಾಗಿದ್ದವು. ಹೊಡೆಸಿಕೊಂಡ ಮಗುವಿಗೆ ಹೊಡೆದವನ ಮೇಲೆ ಕನಿಕರ ಪಡುವ ಕೆಲಸ ಕೊಟ್ಟರೆ ಅದರ ಸ್ವಂತ ನೋವಿಗೆ ಜಾಗ ಉಳಿಯುವುದಿಲ್ಲ. ನನ್ನ ಮಗಳು "ಪಾಪ ಅಮ್ಮ" ಅಂದ ಕ್ಷಣದಲ್ಲಿ ಅವಳ ತೋಳಿನ ಕೆಂಪು ಅವಳದಾಗಿ ಉಳಿಯಲಿಲ್ಲ.

ಕರ್ಣನಿಗೆ ಅತ್ತವರು

ಅಪ್ಪಯ್ಯ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಹುಚ್ಚಿನವರು. ಮಳೆಗಾಲದಲ್ಲಿ ದೇವಸ್ಥಾನದ ಪೌಳಿಯಲ್ಲಿ ಕರ್ಣಭೇದನ ಇದೆ ಅಂದರೆ ಎಂಥ ಜಡಿಮಳೆಯಾದರೂ ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಡುತ್ತಿದ್ದರು, ಟಾರ್ಚು ಹಿಡಿಯಲು ನಾನು ಜೊತೆ. ಕೃಷ್ಣ ಬಂದು ನೀನು ಕುಂತಿಯ ಮಗ ಎಂದು ಹೇಳಿದಾಗ ಕರ್ಣನ ಪಾತ್ರದ ಅರ್ಥಧಾರಿ ಒಂದು ಗಳಿಗೆ ಮೌನವಾಗಿ ಕೂತು, ಆಮೇಲೆ ಮೆಲ್ಲಗೆ, ಹೊಳೆಗೆ ಬಿಟ್ಟ ಕೂಸಿನ ಮಾತು ಎತ್ತುತ್ತಿದ್ದ. ನನ್ನ ಅಪ್ಪಯ್ಯ, ನಗುವುದನ್ನೂ ಅಳುವುದನ್ನೂ ಮನೆಯಲ್ಲಿ ಯಾರೂ ಕಾಣದ ಮನುಷ್ಯ, ಶಾಲಿನ ತುದಿ ಬಾಯಿಗೆ ಒತ್ತಿ ಹಿಡಿದು ಅಳುತ್ತಿದ್ದರು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಅವರ ಭುಜ ಅಲುಗುವುದು ನನಗೆ ಕಾಣುತ್ತಿತ್ತು. ಕೊಟ್ಟಿಗೆಯ ಕಂಬ ಅವರ ಒಳಗೆ ಇನ್ನೂ ನಿಂತಿದೆ ಎಂದು ನನಗೆ ತಿಳಿದದ್ದು ಅಮ್ಮನ ಕಥೆಯಿಂದ ಅಲ್ಲ, ಆ ಭುಜಗಳಿಂದ.

ಕನ್ನಡದವರಿಗೆ ಕರ್ಣನೆಂದರೆ ಕರಗುವ ಮನಸ್ಸು ಪಂಪನ ಕಾಲದಿಂದಲೂ ಇದೆ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಅಂದವನು ಅವನು. ಹುಟ್ಟಿದ ದಿನವೇ ಕೈಬಿಟ್ಟ ತಾಯಿ, ಹೆಜ್ಜೆಹೆಜ್ಜೆಗೂ ಸೂತಪುತ್ರನೆಂಬ ಹೀಯಾಳಿಕೆ, ಗುರುವಿನ ಶಾಪ. ಬಾಲ್ಯದ ಗಾಯ ಅನ್ನುವುದಕ್ಕೆ ನಮ್ಮಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಅದೇ ಕರ್ಣ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಸೂಳೆ ಅಂದವನು, ಅವಳ ಸೀರೆ ಕಿತ್ತುಕೋ ಎಂದು ದುಶ್ಶಾಸನನಿಗೆ ಹೇಳಿದವನು. ನಮ್ಮಲ್ಲಿ ಎಷ್ಟೋ ಜನ ಈ ಎರಡನೆಯದನ್ನು ಮೊದಲನೆಯದರ ಅಡಿಗೆ ಮಡಚಿ ಇಟ್ಟುಬಿಡುತ್ತಾರೆ. ಪಾಪ, ಎಷ್ಟು ಅವಮಾನ ನುಂಗಿದವನು, ಸ್ವಯಂವರದಲ್ಲಿ ಅವಳೂ ನಿರಾಕರಿಸಿದಳಲ್ಲ ಅನ್ನುತ್ತಾರೆ.

ಆದರೆ ವ್ಯಾಸ ಭಾರತದ ಉದ್ಯೋಗಪರ್ವದಲ್ಲಿ ಕರ್ಣನೇ ಹಾಗೆ ಮಡಚುವುದಿಲ್ಲ. ಕೃಷ್ಣನ ಜೊತೆಗಿನ ಅದೇ ಮಾತುಕತೆಯಲ್ಲಿ ಕುಂತಿ ತನ್ನನ್ನು ಬಿಸುಟದ್ದು, ರಾಧೆಯ ಎದೆಯಲ್ಲಿ ಹಾಲು ಉಕ್ಕಿದ್ದು ಎಲ್ಲ ಹೇಳುತ್ತಾನೆ. ಸೂತರ ಮನೆಯ ಋಣ ಬಿಟ್ಟುಬರಲಾರೆ ಎನ್ನುವುದಕ್ಕೆ ಅದು ಅವನ ಕಾರಣ. ಸ್ವಲ್ಪ ಮುಂದೆ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾದ ಮಾತುಗಳನ್ನಾಡಿದೆ, ಆ ಕೆಲಸಕ್ಕಾಗಿ ಇವತ್ತು ಬೇಯುತ್ತಿದ್ದೇನೆ ಅನ್ನುತ್ತಾನೆ. ಅಲ್ಲಿ ಹೊಳೆ ಬರುವುದಿಲ್ಲ, ಪೆಟ್ಟಿಗೆ ಬರುವುದಿಲ್ಲ, ಸೂತಪುತ್ರ ಅನ್ನಿಸಿಕೊಂಡ ಸಂಕಟ ಬರುವುದಿಲ್ಲ. ಗೆಳೆಯನನ್ನು ಮೆಚ್ಚಿಸಲು ಆಡಿದೆ ಅಂತ, ತನಗೆ ಹೆಚ್ಚು ನಾಚಿಕೆ ತರುವ ಕಾರಣವನ್ನೇ ಆರಿಸಿಕೊಳ್ಳುತ್ತಾನೆ. ಕರ್ಣನ ಮೇಲೆ ನನಗೆ ಗೌರವ ಹುಟ್ಟಿದ್ದು ಅವನ ದಾನಕ್ಕಲ್ಲ, ಈ ಒಂದು ಮಾತಿಗೆ. ಆದರೂ ಅಲ್ಲೊಂದು ಕೊರತೆ ನನ್ನನ್ನು ಚುಚ್ಚುತ್ತದೆ. ಅವನು ಬೇಯುವುದು ಪಾಂಡವರಿಗೆ ಆಡಿದ ಮಾತಿಗೆ. ದ್ರೌಪದಿಯ ಹೆಸರು ಆ ಮಾತಿನಲ್ಲಿಲ್ಲ. ರಥದ ಗಾಲಿ ಹೂತಾಗ ಧರ್ಮ ನೆನೆದವನಿಗೆ, ಅವತ್ತು ಸಭೆಯಲ್ಲಿ ನಿನ್ನ ಧರ್ಮ ಎಲ್ಲಿ ಹೋಗಿತ್ತು ಎಂದು ಕೃಷ್ಣ ಕೇಳುವವರೆಗೆ ಅವಳು ಕಾಯಬೇಕಾಯಿತು.

ಅಪ್ಪಯ್ಯ ಅಳುತ್ತಿದ್ದದ್ದು ಕರ್ಣನಿಗಾಗಿ. ದ್ರೌಪದಿಯ ಜಾಗದಲ್ಲಿ ಕೂತು ಟಾರ್ಚು ಹಿಡಿದ ಹುಡುಗಿ ಪಕ್ಕದಲ್ಲೇ ಇದ್ದಳು.

ಚಿಕ್ಕಪ್ಪನ ಪಾಲು

ಇಂಥ ಮಾತು ಬಂದಾಗ ಜನ ಒಂದು ವಾದ ಮುಂದಿಡುತ್ತಾರೆ. ಒಂದೇ ಮನೆ, ಒಂದೇ ಅಪ್ಪ, ಒಂದೇ ಬರಲು. ಅಣ್ಣ ಹೊಡೆಯುವವನಾದ, ತಮ್ಮ ಆಗಲಿಲ್ಲ. ಹಾಗಾಗಿ ಬಾಲ್ಯದ ನೆವ ಹೇಳುವುದೇ ತಪ್ಪು, ಎಲ್ಲ ಅವರವರ ಗುಣ. ನಾನೂ ಬಹಳ ವರ್ಷ ಇದನ್ನೇ ನಂಬಿದ್ದೆ, ಯಾಕೆಂದರೆ ನನಗೊಬ್ಬ ಚಿಕ್ಕಪ್ಪ ಇದ್ದಾರೆ. ಅವರು ತಮ್ಮ ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಸಿಟ್ಟು ಬಂದರೆ ಕತ್ತಿ ಹಿಡಿದು ತೋಟಕ್ಕೆ ಇಳಿದುಬಿಡುತ್ತಿದ್ದರು, ಸೊಪ್ಪು ಕಡಿದು ಕತ್ತಲಾದ ಮೇಲೆ ಬರುತ್ತಿದ್ದರು. ಅವರ ಮನೆಗೆ ಹೋದಾಗಲೆಲ್ಲ ಅಲ್ಲೇ ಉಳಿಯುತ್ತೇನೆ ಅಂತ ನಾನು ಹಟ ಮಾಡಿದ್ದುಂಟು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವರ ಜಗಲಿಯಲ್ಲಿ ಕೂತು ಕೇಳಿಯೇಬಿಟ್ಟೆ. ನೀವೂ ಅದೇ ಅಜ್ಜನ ಮಗ, ನೀವು ಹೇಗೆ ಹೊಡೆಯಲಿಲ್ಲ? ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚಿದ ಸುಣ್ಣವನ್ನೇ ಮತ್ತೆ ಮತ್ತೆ ಬೆರಳಿನಿಂದ ಸವರುತ್ತಾ ಕೂತರು. "ನಾನು ದೊಡ್ಡ ಮನುಷ್ಯ ಅಂತ ತಿಳ್ಕೋಬೇಡ ಮಾರಾಯ್ತಿ. ಅಮ್ಮ ಸತ್ತಾಗ ನಂಗೆ ಎರಡು ವರ್ಷ. ಸೋದರತ್ತೆ ಬಂದು ನನ್ನನ್ನ ಸೊಂಟದ ಮೇಲೆ ಎತ್ಕೊಂಡು ಅವಳ ಮನೆಗೆ ಕರ್ಕೊಂಡು ಹೋದಳು. ನಾನು ವಾಪಸ್ ಬಂದಿದ್ದು ಹೈಸ್ಕೂಲಿಗೆ. ಅಷ್ಟೊತ್ತಿಗೆ ಅಪ್ಪನ ಕೈ ಸೋತಿತ್ತು. ನನ್ನ ಪಾಲಿನದನ್ನೂ ನಿನ್ನ ಅಪ್ಪನೇ ತಿಂದಿದ್ದಾನೆ."

ಅಲ್ಲಿಗೆ ನನ್ನ ಬಲವಾದ ಸಾಕ್ಷಿಯೇ ಉಲ್ಟಾ ಹೊಡೆಯಿತು. ಒಂದೇ ಮನೆ ಅಂದುಕೊಂಡದ್ದು ಒಂದೇ ಮನೆಯಾಗಿರಲಿಲ್ಲ. ಒಬ್ಬ ಹುಡುಗನಿಗೆ ಒಂದು ಸೊಂಟ ಸಿಕ್ಕಿತ್ತು, ಇನ್ನೊಬ್ಬನಿಗೆ ಕಂಬ ಸಿಕ್ಕಿತ್ತು. ಸೋದರತ್ತೆಯ ಒಂದು ಸೊಂಟದಲ್ಲಿ ಆರು ವರ್ಷದವನಿಗೂ ಜಾಗ ಇದ್ದಿದ್ದರೆ ನನ್ನ ಬೆನ್ನು ಬೇರೆಯೇ ಆಗಿರುತ್ತಿತ್ತು. ಇದನ್ನು ತಿಳಿದ ಮೇಲೂ ಬಾಲ್ಯ ಅನ್ನುವುದೆಲ್ಲ ನೆವ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೊರಡುವಾಗ ಚಿಕ್ಕಪ್ಪ ಮೆಟ್ಟಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು. "ಹಾಗಂತ ಅವನು ನಿಮಗೆ ಮಾಡಿದ್ದು ಸರಿ ಅಂತ ನಾನು ಹೇಳ್ಲಿಲ್ಲ. ಅಣ್ಣನಿಗೂ ಅದನ್ನ ಒಂದ್ಸಲ ಹೇಳಿದ್ದೆ. ಎರಡು ವರ್ಷ ನನ್ನ ಹತ್ರ ಮಾತು ಬಿಟ್ಟಿದ್ದ." ಆ ಎರಡು ವರ್ಷ ನನಗೆ ನೆನಪಿದೆ. ಅಡಿಕೆ ವ್ಯವಹಾರದ ಜಗಳ ಅಂತ ನಮಗೆ ಹೇಳಿದ್ದರು. ನಮ್ಮ ಪರವಾಗಿ ಒಬ್ಬರು ಮಾತಾಡಿದ್ದರು ಎನ್ನುವುದು ನನಗೆ ಗೊತ್ತಾಗಲು ಮೂವತ್ತು ವರ್ಷ ಹಿಡಿಯಿತು.

ಮೊದಲು ಯಾವುದು

ಊರಿಂದ ಬಂದವಳೇ ಓದಲು ಶುರುಮಾಡಿದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ಬೊಜ್ಜು ಇಳಿಸುವ ಚಿಕಿತ್ಸೆ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುವುದನ್ನು ಕಂಡು ವಿಚಾರಿಸಿದರೆ, ಅವರಲ್ಲಿ ಬಹಳ ಜನರ ಬಾಲ್ಯದಲ್ಲಿ ಹೇಳಲಾಗದ ಸಂಗತಿಗಳಿದ್ದವು. ಅಲ್ಲಿಂದ ಬೆಳೆದ ಅಧ್ಯಯನವನ್ನು ಅವರೂ ರಾಬರ್ಟ್ ಆಂಡಾ ಅವರೂ ಸೇರಿ 1998ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆ ಯತ್ನಗಳ ಅಪಾಯ ಏನೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಈಗ ಅದೇ ಹತ್ತು ಪ್ರಶ್ನೆಗಳಾಗಿ ಮೊಬೈಲಿನಲ್ಲಿ ಓಡಾಡುತ್ತಿದೆ, ಅಂಕ ಹಾಕಿಕೊಂಡು ನಾನು ಹೀಗಿರುವುದಕ್ಕೆ ಇದೇ ಕಾರಣ ಅನ್ನುವವರಿದ್ದಾರೆ. ನಾನೂ ಒಂದು ರಾತ್ರಿ ಹಾಕಿಕೊಂಡೆ. ಆದರೆ ಇದು ಜನಸಮೂಹದ ಲೆಕ್ಕ, ಒಬ್ಬೊಬ್ಬರ ಹಣೆಬರಹ ಅಳೆಯಲು ಬಳಸಬೇಡಿ ಎಂದು 2020ರಲ್ಲಿ ಆ ಆಂಡಾ ಅವರೇ ಬರೆಯಬೇಕಾಯಿತು.

ನನಗೆ ಹೆಚ್ಚು ತಾಕಿದ್ದು ಕ್ಯಾಥಿ ಸ್ಪಾಟ್ಸ್ ವಿಡಮ್ 1989ರಲ್ಲಿ ಪ್ರಕಟಿಸಿದ ಲೆಕ್ಕ. ಹಿಂಸೆ, ನಿರ್ಲಕ್ಷ್ಯಕ್ಕೆ ಒಳಗಾದದ್ದು ಕೋರ್ಟಿನ ಕಡತದಲ್ಲೇ ದಾಖಲಾಗಿದ್ದ 908 ಮಕ್ಕಳನ್ನೂ, ಹಾಗೆ ದಾಖಲಾಗದ, ಅದೇ ವಯಸ್ಸು, ಅದೇ ಬಗೆಯ ಮನೆಗಳ 667 ಮಕ್ಕಳನ್ನೂ ಅವರು ಹೋಲಿಸಿದರು. ಹದಿಹರೆಯದಲ್ಲೇ ಪೊಲೀಸರ ಕೈಗೆ ಸಿಕ್ಕವರು ಮೊದಲ ಗುಂಪಿನಲ್ಲಿ ಶೇ. 26, ಎರಡನೆಯದರಲ್ಲಿ ಶೇ. 17. ಇದನ್ನು ಎರಡು ಸಲ ಓದಬೇಕು. ಮೊದಲ ಸಲ ಓದಿದರೆ, ಏಟು ವ್ಯತ್ಯಾಸ ಮಾಡುತ್ತದೆ, ಅದನ್ನು ಅಲ್ಲಗಳೆಯಲಾಗದು. ಎರಡನೇ ಸಲ ಓದಿದರೆ, ಮೊದಲ ಗುಂಪಿನ ನೂರರಲ್ಲಿ ಎಪ್ಪತ್ತನಾಲ್ಕು ಮಕ್ಕಳು ಆ ದಾರಿ ಹಿಡಿಯಲಿಲ್ಲ. ಅವರಲ್ಲಿ ಎಷ್ಟು ಜನ ಕತ್ತಿ ಹಿಡಿದು ತೋಟಕ್ಕೆ ಇಳಿದಿರಬೇಕು, ಎಷ್ಟು ಜನರಿಗೆ ಒಂದು ಸೊಂಟ ಸಿಕ್ಕಿರಬೇಕು.

ನಮ್ಮಲ್ಲಿ ಅಂತೂ ಏಟು ಅನ್ನುವುದು ಅಪರೂಪದ ದುರಂತವೇ ಅಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದಾಗ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡವರು. ಹಾಗಾಗಿಯೇ ನಮ್ಮ ಬಾಯಲ್ಲಿ ಎರಡು ಮಾತು ಒಟ್ಟಿಗೆ ಇರುತ್ತವೆ. ಮಕ್ಕಳಿಗೆ ಹೊಡೆಯಬಾರದು ಅಂದರೆ, "ನಾವೆಲ್ಲ ಪೆಟ್ಟು ತಿಂದೇ ಮನುಷ್ಯರಾದದ್ದು, ಏನಾಗಿದೆ ನಮಗೆ?" ಹೆಂಡತಿಗೆ ಹೊಡೆದವನ ವಿಷಯ ಬಂದರೆ, "ಪಾಪ, ಪೆಟ್ಟು ತಿಂದು ಬೆಳೆದವನು, ಅದಕ್ಕೇ ಹಾಗೆ." ಒಂದೇ ಜಗಲಿಯಲ್ಲಿ, ಒಬ್ಬರೇ ಹಿರಿಯರು ಈ ಎರಡನ್ನೂ ಹೇಳಿದ್ದನ್ನು ನಾನು ಕೇಳಿದ್ದೇನೆ. ಏಟು ಮನುಷ್ಯರನ್ನು ಮಾಡುವುದಾದರೆ ಅವನು ಯಾಕೆ ಹಾಗಾದ? ಏಟು ಮನುಷ್ಯನನ್ನು ಕೆಡಿಸುವುದಾದರೆ ಇನ್ನೂ ಯಾಕೆ ಮಾಡಿನ ಸಂದಿಯಲ್ಲಿ ಬರಲು? ಎರಡೂ ಮಾತಿನ ಕೊನೆಗೆ ಹೊಡೆಯುವ ಕೈ ಹಾಗೇ ಉಳಿಯುತ್ತದೆ, ಅದು ನನಗೆ ಸಂಕಟ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವ ಗಾದೆಯೂ ಹೀಗೆಯೇ. ತಾನು ಸೊಸೆಯಾಗಿ ಉಂಡ ಕಷ್ಟವನ್ನು ಅತ್ತೆಯಾಗಿ ಬಡಿಸುವುದಕ್ಕೆ ಅದು ಎಷ್ಟು ಮನೆಗಳಲ್ಲಿ ರಹದಾರಿಯಾಗಿದೆಯೋ.

ಕೊನೆಗೆ ನನಗೆ ದಾರಿ ಕಾಣಿಸಿದ್ದು ಮನೋವಿಜ್ಞಾನದ ಪುಸ್ತಕದಲ್ಲಲ್ಲ, ಕೋರ್ಟಿನ ತೀರ್ಪಿನಲ್ಲಿ. ಮರಣದಂಡನೆ ಕೊಡುವ ಮುನ್ನ ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1980ರ ಬಚನ್ ಸಿಂಗ್ ಪ್ರಕರಣದಲ್ಲೇ ಹೇಳಿತ್ತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮನೋಜ್ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಬಿಡಿಸಿ, ಅಪರಾಧಿಯ ಬಾಲ್ಯದ ಮನೆ ಹೇಗಿತ್ತು, ತಂದೆತಾಯಿಯ ಆಸರೆ ಇತ್ತೇ, ಹಿಂಸೆ ಅಥವಾ ನಿರ್ಲಕ್ಷ್ಯ ನಡೆದಿತ್ತೇ ಎಂಬ ವಿವರಗಳನ್ನು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ತರಿಸಿಕೊಳ್ಳಬೇಕು ಎಂದಿತು. ಅತ್ಯಂತ ಘೋರ ಕೃತ್ಯ ಮಾಡಿದವನ ಬಾಲ್ಯವನ್ನೂ ದೇಶದ ದೊಡ್ಡ ಕೋರ್ಟು ಕೇಳುತ್ತದೆ ಎನ್ನುವುದು ಓದಿ ನನ್ನ ಕಣ್ಣು ತುಂಬಿತು. ಆದರೆ ಅದನ್ನು ಯಾವಾಗ ತೂಗುತ್ತದೆ ನೋಡಿ. ತಪ್ಪಿತಸ್ಥ ಎಂದು ತೀರ್ಪು ಬಂದ ಮೇಲೆ. ಶಿಕ್ಷೆ ಎಷ್ಟು ಎನ್ನುವುದರ ಬಗ್ಗೆ ಬೇರೆಯಾಗಿಯೇ ಅಹವಾಲು ಕೇಳಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 235ನೇ ಕಲಮು ಹೇಳಿತ್ತು. ಮಾಡಿದ್ದು ಹೌದೋ ಅಲ್ಲವೋ, ಅದು ಮೊದಲು. ಯಾಕೆ ಹೀಗಾದ, ಅದು ಆಮೇಲೆ.

ನಮ್ಮ ಮನೆಗಳಲ್ಲಿ ಈ ಸರದಿ ತಲೆಕೆಳಗು. ಬಾಲ್ಯ ಮೊದಲು ಬರುತ್ತದೆ, ತಪ್ಪಿನ ಸರದಿ ಬರುವುದೇ ಇಲ್ಲ. ಅಮ್ಮ ಎಣ್ಣೆ ಹಚ್ಚುತ್ತಾ ಕರುವಿನ ಕಥೆ ಹೇಳಿದಳು, ಆದರೆ ಇವತ್ತು ನಿಮ್ಮಪ್ಪ ಮಾಡಿದ್ದು ತಪ್ಪು ಅಂತ ಒಂದು ದಿನವೂ ಹೇಳಲಿಲ್ಲ. ಪಾಪ, ಅದನ್ನು ಹೇಳಿದ್ದರೆ ಅವಳು ಆ ಮನೆಯಲ್ಲಿ ಇರಬೇಕಾದದ್ದು ಹೇಗೆ, ಅದೂ ನನಗೆ ಗೊತ್ತು. ಆದರೆ ಆ ಒಂದು ವಾಕ್ಯ ಮೊದಲು ಬಂದಿದ್ದರೆ ಕರುವಿನ ಕಥೆಯನ್ನು ಅಣ್ಣನೂ ಕೇಳುತ್ತಿದ್ದ ಅಂತ ನನ್ನ ನಂಬಿಕೆ. ತಪ್ಪು ಅಂತ ಒಪ್ಪಿಕೊಂಡ ಮೇಲೆ ಬರುವ ಬಾಲ್ಯ ಮನುಷ್ಯನನ್ನು ಅರ್ಥ ಮಾಡಿಸುತ್ತದೆ. ಅದಕ್ಕಿಂತ ಮುಂಚೆ ಬಂದರೆ ಕೇಳುವವರ ಬಾಯಿ ಕಟ್ಟುತ್ತದೆ. ಮತ್ತೆ ಇನ್ನೊಂದು ವಿಷಯ. ಕಾರಣ ಗೊತ್ತಿಲ್ಲದ ಅಪ್ಪಯ್ಯನಿಗಿಂತ ಕಾರಣ ಗೊತ್ತಿರುವ ನನ್ನ ಹೊಣೆ ಹೆಚ್ಚು. ಅವರಿಗೆ ಸಿಟ್ಟು ಅಂದರೆ ಸಿಟ್ಟು, ಅಷ್ಟೇ. ನನಗೆ ಅದರ ಬೇರು ಎಲ್ಲಿದೆ, ಯಾವ ಅಂಗಳದಲ್ಲಿದೆ ಅಂತ ಗೊತ್ತು. ಗೊತ್ತಿದ್ದೂ ಲೋಟ ಎಸೆದೆ.

ಮಾರನೇ ದಿನ

ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಹೋಗಲು ಆ ರಾತ್ರಿಯೇ ಕಾರಣವಾಯಿತು. ಮೊದಲ ದಿನ ನಾನು ಕರು, ಕಂಬ, ಬರಲು ಎಲ್ಲ ಸಾಲಾಗಿ ಹೇಳಿಕೊಂಡು ಹೋದೆ. ಅವರು ಪೂರ್ತಿ ಕೇಳಿದರು. ಆಮೇಲೆ, ಲೋಟ ಎಸೆಯುವ ಮುಂಚೆ ಮೈಯಲ್ಲಿ ಎಲ್ಲಿ ಏನಾಯಿತು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪಯ್ಯನ ಚಪ್ಪಲಿಯ ಸದ್ದಿನಲ್ಲಿ ಅವರ ಸಿಟ್ಟು ಓದುತ್ತಿದ್ದವಳಿಗೆ ತನ್ನ ಸಿಟ್ಟು ಬರುವ ಸದ್ದು ತಿಳಿದಿರಲಿಲ್ಲ. ಈಗ ಸ್ವಲ್ಪ ಗೊತ್ತು. ಮೊದಲು ಹಿಂದಿನ ಹಲ್ಲುಗಳು ಕಚ್ಚಿಕೊಳ್ಳುತ್ತವೆ, ಆಮೇಲೆ ಕಿವಿಯ ತುದಿ ಬಿಸಿಯಾಗುತ್ತದೆ. ಹಲ್ಲು ಕಚ್ಚಿದಾಗಲೇ ಎದ್ದು ಬಾಲ್ಕನಿಗೆ ಹೋಗಬೇಕು. ನನಗೆ ಇಳಿಯಲು ತೋಟವಿಲ್ಲ, ನಾಲ್ಕು ದಾಸವಾಳದ ಕುಂಡಗಳಿವೆ. ಎರಡು ಸಲ ತಪ್ಪಿದ್ದೇನೆ. ಕೈ ಎತ್ತಲಿಲ್ಲ, ಕೂಗಿದೆ.

ಲೋಟ ಎಸೆದ ಮಾರನೇ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಾ ಹೇಳಿದೆ. "ನಿನ್ನೆ ನಾನು ಮಾಡಿದ್ದು ತಪ್ಪು. ನಿನ್ನ ತೋಳು ಹಾಗೆ ಹಿಡೀಬಾರದಿತ್ತು. ಲೆಕ್ಕ ತಪ್ಪಿದ್ದಕ್ಕೆ ಯಾರೂ ಯಾರನ್ನೂ ಹಾಗೆ ಹಿಡೀಬಾರದು." ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. "ಅಜ್ಜ ನಿಂಗೆ ಹೊಡೀತಿದ್ರಂತೆ ಅದಕ್ಕೇ ಅಂತೆ?" ಹೌದು ಅನ್ನುವುದು ಎಷ್ಟು ಸುಲಭವಿತ್ತು. ಕೊಬ್ಬರಿ ಎಣ್ಣೆಯ ವಾಸನೆ ಬೇರೆ, ಜಡೆಗೆ ಹಚ್ಚಿದ್ದು. "ಅಜ್ಜ ಹೊಡೀತಿದ್ದದ್ದು ಹೌದು. ಅದು ನನ್ನ ಕಥೆ, ನೀನು ದೊಡ್ಡವಳಾದ ಮೇಲೆ ಹೇಳ್ತೀನಿ. ನಿನ್ನೆದು ನಾನು ಮಾಡಿದ್ದು." ಅವಳು ಯೋಚನೆ ಮಾಡಿ, ತೋಳು ತೋರಿಸಿ, "ಇಲ್ಲಿ ನೋವಾಗಿತ್ತು" ಅಂದಳು. ಅವಳು ಅದನ್ನು ನನಗೆ ಹೇಳಿದ್ದು ಅದೇ ಮೊದಲು. ಜಡೆ ಅರ್ಧಕ್ಕೆ ಬಿಟ್ಟು ಆ ಜಾಗದ ಮೇಲೆ ಕೈ ಇಟ್ಟುಕೊಂಡು ಕೂತೆ. ಸ್ಕೂಲ್ ವ್ಯಾನು ಅವತ್ತು ತಪ್ಪಿಹೋಯಿತು.

ಅಪ್ಪಯ್ಯನಿಗೆ ಈಗ ಎಪ್ಪತ್ತೆಂಟು. ಕೈ ನಡುಗುತ್ತದೆ, ಮೊಮ್ಮಗಳಿಗೆ ಹಲಸಿನ ತೊಳೆ ಬಿಡಿಸಿ ಬೀಜ ತೆಗೆದು ಕೊಡುತ್ತಾರೆ. ಅವರ ಹತ್ತಿರ ಈ ಮಾತು ಎತ್ತಬೇಕೋ ಬೇಡವೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಎತ್ತಿದರೆ ಕೇಳುವುದು ಒಂದೇ. ಕೊಟ್ಟಿಗೆಯಲ್ಲಿ ಆ ರಾತ್ರಿ ಏನೆಲ್ಲ ಆಯಿತು ಅಂತ ಅವರ ಬಾಯಲ್ಲೇ ಕೇಳಬೇಕು, ಅಮ್ಮನ ಬಾಯಲ್ಲಿ ಅಲ್ಲ. ಅದಕ್ಕೆ ಮುಂಚೆ ಆ ಮಳೆಯ ಮಧ್ಯಾಹ್ನದ ಬಗ್ಗೆ ಅವರು ಒಂದು ಮಾತು ಹೇಳಿಯಾರು ಎಂಬ ಆಸೆ.

ಲೋಟ ಇನ್ನೂ ಮನೆಯಲ್ಲಿದೆ, ಬಾಯಿಯ ಹತ್ತಿರ ನೆಗ್ಗಿದ್ದು ಹಾಗೇ ಇದೆ. ಮಗಳು ಅದರಲ್ಲಿ ಹಾಲು ಕುಡಿಯುವುದನ್ನು ಬಿಟ್ಟಿದ್ದಾಳೆ, ಯಾಕೆಂದು ಹೇಳಿಲ್ಲ, ನಾನೂ ಕೇಳಿಲ್ಲ. ಅವಳಿಗೆ ಬೇರೆ ಲೋಟ ತಂದೆವು. ನೆಗ್ಗಿದ್ದರಲ್ಲಿ ಬೆಳಗಿನ ಕಾಫಿ ನಾನು ಕುಡಿಯುತ್ತೇನೆ.